ದಾರಿ ಯಾರಪ್ಪನದು?

ಶೀಗಿ ಹುಣ್ಣಿಮೆಯ ದಿನ ಕುರ್ತಕೋಟಿಯಲ್ಲಿ ಚರಗ ಚೆಲ್ಲಲು ಹೊರಟಿದ್ದೆವು. ಬುಟ್ಟಿಯಲ್ಲಿ ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಕಡಬು. ಜೊತೆಗೆ ಎಪ್ಪತ್ತು ದಾಟಿದ ನಮ್ಮ ಅತ್ತೆ. ಅರ್ಧ ಹಾದಿ ಹೋಗುವಷ್ಟರಲ್ಲಿ ಹಾದಿಯೇ ಇಲ್ಲ! ಮುಂಗಾರಿನ ತನಕ ಇದ್ದ ಬಂಡಿದಾರಿಯನ್ನು ಯಾರೋ ಟ್ರ್ಯಾಕ್ಟರ್ ಹೊಡೆದು ಕಡಲೆ ಬಿತ್ತಿದ್ದರು. ಮೊದಲೇ ಎರೆ ಮಣ್ಣು, ಮೇಲೆ ಹಿಂದಿನ ದಿನದ ಮಳೆ. "ನಡೀಯವಾ, ಇಲ್ಲೇ ಚೆಲ್ಲಿ ಹೋಗೂಣು" ಎಂದರು ಅತ್ತೆ. ಬದುವಿನ ಮೇಲೆ ಚರಗ ಚೆಲ್ಲಿ ತಿರುಗಿ ಬಂದೆವು. ನಮ್ಮ ಹೊಲದ ಭೂತಾಯಿಗೆ ಆ ವರ್ಷ ಉಪವಾಸ.

ಊರಿನ ಹಿರಿಯರೊಬ್ಬರಿಗೆ ಹೇಳಿದೆ. "ಬೈಕ್ ಐತಲ್ರೀ ಟೀಚರ, ಸುತ್ತು ಹಾಕಿ ಹೋಗ್ರಿ" ಎಂದರು. ಬೈಕು ಇರುವುದು ಯಾರ ಹತ್ತಿರ? ಕಳೆ ತೆಗೆಯಲು ಹೋಗುವ ಹೆಣ್ಣಾಳಿನ ಹತ್ತಿರವೇ? ದಾರಿ ಮುಚ್ಚಿದರೆ ಮೊದಲು ನಿಲ್ಲುವುದು ಹೆಣ್ಣುಮಕ್ಕಳ ಕಾಲು.

"ಎರಡೆಕರೆ ಇದ್ದವನು ದಾರಿ ಬಿಟ್ಟರೆ ಉಣ್ಣುವುದೇನು?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಊರಿನ ನಕಾಶೆ ತೆರೆದು ನೋಡಿ. ತುಂಡು ತುಂಡಾದ ಜೋಡಿ ಗೆರೆ ಬಂಡಿದಾರಿ, ಒಂಟಿ ಗೆರೆ ಕಾಲುದಾರಿ. ಪಹಣಿಯಲ್ಲಿ ಇಂಥ ದಾರಿ 'ಬ' ಖರಾಬು ಎಂದಿದ್ದರೆ, ಆ ನೆಲಕ್ಕೆ ಕಂದಾಯವೇ ಇಲ್ಲ. 1964ರ ಭೂಕಂದಾಯ ಕಾಯಿದೆಯ 67ನೆಯ ಕಲಮಿನ ಪ್ರಕಾರ ಸಾರ್ವಜನಿಕ ದಾರಿ ಸರಕಾರದ ಸ್ವತ್ತು. ಅದನ್ನು ಬಿಡುವುದು ದಾನವಲ್ಲ, ತನ್ನದಲ್ಲದ್ದನ್ನು ಮುಟ್ಟದಿರುವುದು. ನಿಜವಾಗಿ ನಷ್ಟವಾಗುವ ಕಡೆ ಎಲ್ಲರೂ ಒಪ್ಪಿ, ಕಾನೂನಿನ ಪ್ರಕಾರ ದಾರಿಯನ್ನು ಬದುವಿನ ಅಂಚಿಗೆ ಸರಿಸೋಣ. ಮುಚ್ಚುವುದು ಮಾತ್ರ ಬೇಡ.

ಇಂಗ್ಲೆಂಡಿನಲ್ಲಿ 1949ರಲ್ಲೇ ಕಾನೂನು ಮಾಡಿ, ಕಾಲುದಾರಿಗಳನ್ನೆಲ್ಲ ಗುರುತಿಸಿ ನಕಾಶೆಗೆ ಏರಿಸಲು ಹೊರಟರು. ಅಲ್ಲಿ ಹವ್ಯಾಸಕ್ಕಾಗಿ ನಡೆಯುವವರ ಬಗ್ಗೆ ಅಷ್ಟು ಕಾಳಜಿ. ಇಲ್ಲಿ ಹೊಟ್ಟೆಪಾಡಿಗೆ ನಡೆಯುವವರ ಬಗ್ಗೆ?

ನಮ್ಮಲ್ಲಿಯೂ ಉದ್ಯೋಗ ಖಾತ್ರಿಯಲ್ಲಿ ಹೊಲದ ದಾರಿಗಳಾದವು. ಒಳ್ಳೆಯದೇ. ಆದರೆ ಅಲ್ಲೊಂದು ಇಲ್ಲೊಂದು ದಾರಿಯಾದರೆ ಸಾಲದು. ಊರಿನಿಂದ ಹೊಲಕ್ಕೆ, ಹಳ್ಳಕ್ಕೆ, ಗುಡಿಗೆ, ಶಾಲೆಗೆ, ಪಕ್ಕದ ಊರಿಗೆ ಒಂದಕ್ಕೊಂದು ಕೂಡಿಕೊಂಡ ಜಾಲ ಬೇಕು. ಬೇಸಿಗೆಯಲ್ಲಿ ಹೊಲ ಖಾಲಿ ಇರುವಾಗ ಸ್ವಸಹಾಯ ಸಂಘದ ಹೆಣ್ಣುಮಕ್ಕಳೂ ಶಾಲೆಯ ದೊಡ್ಡ ಮಕ್ಕಳೂ ನಕಾಶೆ ಹಿಡಿದು ನಡೆಯಲಿ. ಇದ್ದದ್ದು, ಮುಚ್ಚಿದ್ದು, ಬೇಕಾದದ್ದು ಎಂದು ಮೂರು ಪಟ್ಟಿ ಮಾಡಿ ಗ್ರಾಮಸಭೆಯ ಮುಂದಿಡಲಿ. ಅಳತೆಯಾಗಿ ಕಲ್ಲು ನೆಡಲಿ. ಪಂಚಾಯತಿಯಲ್ಲಿ ಅರ್ಧ ಸ್ಥಾನ ಮೀಸಲಾಗಿರುವುದು ನಮಗೇ ಅಲ್ಲವೆ? ಬರೀ ಸಹಿ ಹಾಕಿ ಚಹಾ ಕುಡಿದು ಬರುವುದಕ್ಕೇನು?

ಪಟ್ಟಣದ ಅಕ್ಕತಂಗಿಯರೇ, ಇದು ಹಳ್ಳಿಯವರ ರಗಳೆ ಎನ್ನಬೇಡಿ. "ದಿನಾ ನಡೀರಿ" ಎಂದು ಡಾಕ್ಟರು ಹೇಳಿದಾಗ ನೀವು ನಡೆಯುವುದೆಲ್ಲಿ? ಲಾರಿಯ ಪಕ್ಕದಲ್ಲೇ? ಮುಂದಿನ ಶೀಗಿ ಹುಣ್ಣಿಮೆಗೆ ತವರಿಗೆ ಹೋದಾಗ ಬುಟ್ಟಿ ಹೊತ್ತು ಹೊಲದ ತನಕ ನಡೆದು ನೋಡಿ. ದಾರಿ ಇದ್ದರೆ ಪುಣ್ಯ. ಇಲ್ಲದಿದ್ದರೆ ನಮ್ಮ ಹಾಗೆ ಬದುವಿನಿಂದಲೇ ತಿರುಗಬೇಡಿ. ನೇರ ಪಂಚಾಯತಿಗೆ ಹೋಗಿ ನಕಾಶೆ ಕೇಳಿ.