ಬಂದೂಕಿಗೆ ಹೆಸರಿದೆ, ಸತ್ತವರಿಗಿಲ್ಲ

ಈಚೆಗೆ ಬಂಧುಗಳ ಮನೆಗೆ ಹೋಗಿದ್ದೆವು. ಹತ್ತನೇ ತರಗತಿಯ ಹುಡುಗನೊಬ್ಬ ಮೊಬೈಲಿನಲ್ಲಿ 'ಬ್ಲ್ಯಾಕ್ ಹಾಕ್ ಡೌನ್' ನೋಡುತ್ತಿದ್ದ. ಪರದೆಯಲ್ಲಿ ಕಾಣಿಸಿದ ಬಂದೂಕುಗಳನ್ನೆಲ್ಲ ಆತ ಹೆಸರು ಹಿಡಿದು ಗುರುತಿಸಿದ: ಇದು ಎಂ-16, ಇದು ಎಂ-14, ಅದು ಎಕೆ-47. ಅವನ ಜ್ಞಾಪಕಶಕ್ತಿಗೆ ಬೆರಗಾದೆವು. ಇವರು ಗುಂಡು ಹಾರಿಸುತ್ತಿರುವುದು ಯಾರ ಮೇಲೆ ಎಂದು ಕೇಳಿದಾಗ ಮಾತ್ರ ಅವನಲ್ಲಿದ್ದುದು ಒಂದೇ ಉತ್ತರ: 'ಶತ್ರುಗಳ ಮೇಲೆ.'

ತಪ್ಪು ಹುಡುಗನದ್ದಲ್ಲ. ಆ ಚಿತ್ರ ಕಲಿಸುವುದೇ ಅಷ್ಟು.

1993ರ ಅಕ್ಟೋಬರ್ 3 ಮತ್ತು 4ರಂದು ಸೋಮಾಲಿಯಾದ ರಾಜಧಾನಿ ಮೊಗದಿಶುವಿನಲ್ಲಿ ನಡೆದ ಕಾಳಗವೇ 2001ರಲ್ಲಿ ತೆರೆಕಂಡ ಈ ಚಿತ್ರದ ವಸ್ತು. ನಿರ್ದೇಶಕ ರಿಡ್ಲಿ ಸ್ಕಾಟ್. ಆಯುಧಗಳ ವಿಷಯದಲ್ಲಿ ಚಿತ್ರ ವಹಿಸಿರುವ ಎಚ್ಚರ ಅಸಾಧಾರಣವಾದುದು. ನಟರಿಗೆ ಅಮೆರಿಕದ ಸೇನಾ ನೆಲೆಗಳಲ್ಲಿ ತರಬೇತಿ ನೀಡಲಾಯಿತು. ಸೇನೆಯೇ ಹೆಲಿಕಾಪ್ಟರುಗಳನ್ನೂ ಪೈಲಟ್‌ಗಳನ್ನೂ ಮೊರಾಕ್ಕೊದ ಚಿತ್ರೀಕರಣ ಸ್ಥಳಕ್ಕೆ ಕಳುಹಿಸಿಕೊಟ್ಟಿತು. ಯೋಧ ರ‍್ಯಾಂಡಿ ಶುಗಾರ್ಟ್ ಕೈಯಲ್ಲಿ ಆ ದಿನ ಹಳೆಯ ಮಾದರಿಯ ಎಂ-14 ಇತ್ತೆಂದು ತಿಳಿದು, ನಟನ ಕೈಗೂ ಅದನ್ನೇ ಕೊಡಲಾಯಿತು.

ಇಷ್ಟು ನಿಖರವಾದ ಚಿತ್ರ ಸುಳ್ಳು ಹೇಳೀತೇ ಎಂದು ಪ್ರೇಕ್ಷಕ ಭಾವಿಸುತ್ತಾನೆ. ಅಪಾಯವಿರುವುದು ಇಲ್ಲಿಯೇ. ಬಂದೂಕಿನ ನಿಖರತೆಯು ಇಡೀ ಕಥೆಯ ಸತ್ಯಕ್ಕೆ ಪ್ರಮಾಣಪತ್ರವಾಗಿಬಿಡುತ್ತದೆ.

ಹೆಲಿಕಾಪ್ಟರಿನ ಮಿನಿಗನ್ ನಿಮಿಷಕ್ಕೆ ಸಾವಿರಾರು ಗುಂಡುಗಳನ್ನು ಹಾರಿಸಬಲ್ಲದು. ಜನರು ಕಿಕ್ಕಿರಿದು ವಾಸಿಸುವ ನಗರದ ಮೇಲೆ ಹಾರಿದ ಆ ಗುಂಡುಗಳು ಎಲ್ಲಿ ಹೋಗಿ ಬಿದ್ದವು? ಯಾರ ಮನೆಯ ಗೋಡೆಯನ್ನು ಸೀಳಿದವು? ಚಿತ್ರವು ಆ ಮನೆಗಳೊಳಗೆ ಇಣುಕುವುದು ಅಪರೂಪ. ಅದಕ್ಕೆ ಆಧಾರವಾದ ಮಾರ್ಕ್ ಬೌಡನ್ ಅವರ 1999ರ ಕೃತಿಯಲ್ಲಿ ಸೋಮಾಲಿಗಳ ಅನುಭವಗಳೂ ಇವೆ. ಪುಸ್ತಕ ಪರದೆಗೆ ಬರುವಷ್ಟರಲ್ಲಿ ಬಂದೂಕುಗಳು ಉಳಿದವು, ಆ ಧ್ವನಿಗಳು ಹೆಚ್ಚುಕಡಿಮೆ ಅಳಿಸಿಹೋದವು.

ಹಾಗೆಂದು ಐದೀದ್‌ನ ಸಶಸ್ತ್ರ ಪಡೆಗಳು ನಿರ್ದೋಷಿಗಳೆಂದು ನಾವು ವಾದಿಸುವುದಿಲ್ಲ. ಹಸಿದವರ ಅನ್ನವನ್ನು ದೋಚಿದವರು ಅವರಲ್ಲಿದ್ದರು. 1993ರ ಜೂನ್ 5ರಂದು ವಿಶ್ವಸಂಸ್ಥೆಯ ಪರವಾಗಿ ಹೋಗಿದ್ದ 24 ಮಂದಿ ಪಾಕಿಸ್ತಾನಿ ಸೈನಿಕರು ಹತರಾದರು. ಚಿತ್ರ ಇದನ್ನು ಆರಂಭದಲ್ಲೇ ಹೇಳುತ್ತದೆ, ಸರಿಯೇ. ಆದರೆ ಜುಲೈ 12ರಂದು ಸಭೆ ಸೇರಿದ್ದ ಮನೆಯೊಂದರ ಮೇಲೆ ಅಮೆರಿಕದ ಹೆಲಿಕಾಪ್ಟರುಗಳು ದಾಳಿ ನಡೆಸಿ ಅನೇಕ ಕುಲದ ಹಿರಿಯರನ್ನು ಕೊಂದದ್ದನ್ನು ತೋರಿಸುವುದಿಲ್ಲ. ಇದನ್ನರಿಯದೆ ಆ ನಗರದ ಜನರ ರೋಷ ಅರ್ಥವಾಗುವುದು ಹೇಗೆ?

ಚಿತ್ರ ಕೇಳದ ಇನ್ನೊಂದು ಪ್ರಶ್ನೆಯಿದೆ. ಹೊಟ್ಟೆಗಿಲ್ಲದ ನಾಡಿಗೆ ಇಷ್ಟೊಂದು ಆಯುಧಗಳು ಬಂದದ್ದೆಲ್ಲಿಂದ? ಎಕೆ-47 ಸೋಮಾಲಿಯಾದ ಮಣ್ಣಿನಲ್ಲಿ ಬೆಳೆದದ್ದಲ್ಲ. 1977ರವರೆಗೆ ಸಿಯಾದ್ ಬರ್‍ರೆಯ ಸರ್ವಾಧಿಕಾರಕ್ಕೆ ಸೋವಿಯತ್ ಒಕ್ಕೂಟ ಶಸ್ತ್ರ ಪೂರೈಸಿತು. 1980ರ ದಶಕದಲ್ಲಿ ಅಮೆರಿಕವೂ ಪೂರೈಸಿತು. 1991ರಲ್ಲಿ ಆ ಸರಕಾರ ಉರುಳಿದಾಗ ಶಸ್ತ್ರಾಗಾರಗಳು ಬೀದಿಗೆ ಬಂದವು. ಕೊಟ್ಟವರು ಮರೆತರು, ಸತ್ತವರು ಸೋಮಾಲಿಗಳು.

ಚಿತ್ರದ ಕೊನೆಯಲ್ಲಿ ಮಡಿದ 19 ಅಮೆರಿಕನ್ ಸೈನಿಕರ ಹೆಸರುಗಳು ಮೂಡುತ್ತವೆ. ಅವರಿಗೂ ತಾಯಂದಿರಿದ್ದರು, ಆ ಗೌರವ ಅವರಿಗೆ ಸಲ್ಲಲೇಬೇಕು. ಸೋಮಾಲಿಗಳ ಪಾಲಿಗೆ ದೊರೆಯುವುದು ಒಂದೇ ಅಂಕಿ: ಸಾವಿರಕ್ಕೂ ಹೆಚ್ಚು. ಇತರ ಅಂದಾಜುಗಳು ಕೆಲವು ನೂರರಿಂದ ಆರಂಭವಾಗುತ್ತವೆ. ಎಣಿಕೆಯಾದರೂ ಸರಿಯಾಗಿ ಆಗದ ಸಾವುಗಳವು! ಎಂ-14ರ ಬಗ್ಗೆ ತೋರಿದ ಶ್ರದ್ಧೆಯ ಒಂದಂಶವಾದರೂ ಅವರಿಗೆ ಸಲ್ಲಬೇಕಿರಲಿಲ್ಲವೇ?

ಎಕೆ-47ರ ಜನಕ ಮಿಖಾಯಿಲ್ ಕಲಾಶ್ನಿಕೋವ್ 2013ರಲ್ಲಿ ತೀರಿಕೊಂಡರು. ಅದಕ್ಕೂ ಮುನ್ನ ರಷ್ಯಾದ ಧರ್ಮಗುರುವಿಗೆ ಬರೆದ ಪತ್ರದಲ್ಲಿ, ತನ್ನ ಬಂದೂಕಿಗೆ ಬಲಿಯಾದವರ ಸಾವಿಗೆ ತಾನೂ ಹೊಣೆಯೇ ಎಂಬ ಪ್ರಶ್ನೆಯನ್ನು ತೋಡಿಕೊಂಡಿದ್ದರು. ಬಂದೂಕನ್ನು ಮಾಡಿದವನ ಮನಸ್ಸನ್ನೇ ಕಾಡಿದ ಈ ಪ್ರಶ್ನೆ, ಅದನ್ನು ನೋಡಿ ರೋಮಾಂಚನಗೊಳ್ಳುವ ನಮ್ಮನ್ನು ಕಾಡುವುದು ಬೇಡವೇ?

ಮಕ್ಕಳ ಕೈಯಿಂದ ಮೊಬೈಲ್ ಕಸಿದುಕೊಳ್ಳಿರೆಂದು ನಾವು ಹೇಳುವುದಿಲ್ಲ. ಕಸಿದುಕೊಂಡರೆ ಬೇರೆಲ್ಲೋ ನೋಡಿಯಾರು. ಅವರ ಪಕ್ಕ ಕುಳಿತು ನಾವೂ ನೋಡೋಣ. ಈ ಬಂದೂಕನ್ನು ಮಾಡಿದವರಾರು, ಮಾರಿದವರಾರು, ಇದರೆದುರು ಬಿದ್ದವನ ಮನೆಯಲ್ಲಿ ಯಾರಿದ್ದರು ಎಂದು ಕೇಳೋಣ. ಬಂದೂಕಿನ ಹೆಸರು ಬಲ್ಲ ಮಗನಿಗೆ, ಅದರ ಮುಂದೆ ನಿಂತವನಿಗೂ ಒಂದು ಹೆಸರಿತ್ತೆಂದು ತಿಳಿಸುವವರು ಮನೆಯಲ್ಲೇ ಇರಬೇಕು.