ಸಂಶಯದ ಲಾಭ ಯಾರಿಗೆ?

ನನ್ನ ಬಳಿ ಕಲಿತವರಿಗೆ ನೆನಪಿರಬಹುದು: ಉತ್ತರಪತ್ರಿಕೆ ತಿದ್ದುವಾಗ ಅರ್ಧ ಅಂಕದ ಸಂಶಯ ಬಂದರೆ ಅದನ್ನು ವಿದ್ಯಾರ್ಥಿಗೇ ಬಿಟ್ಟುಕೊಡುತ್ತಿದ್ದೆ. ಅಮೆರಿಕದ ಮಾಜಿ ಸೈನಿಕರ ಅಂಗವೈಕಲ್ಯ ಪರಿಹಾರದ ಕಾನೂನಿನಲ್ಲಿಯೂ ಇದೇ ನ್ಯಾಯವಿದೆ. ಪರ, ವಿರೋಧ ಸಾಕ್ಷ್ಯಗಳು ಸರಿಸುಮಾರು ಸಮತೂಕವಾಗಿದ್ದರೆ ನಿರ್ಣಯವು ಸೈನಿಕನ ಪರವಾಗಬೇಕು.

ಆದರೆ ಮಿದುಳಿಗೆ ಪೆಟ್ಟಾದವನ ಪಾಡೇ ಬೇರೆ. ಇರಾಕ್, ಅಫ್ಘಾನಿಸ್ತಾನಗಳಲ್ಲಿ ಬಾಂಬು ಸಿಡಿದ ಆಘಾತಕ್ಕೆ ಸಿಲುಕಿದ ಅನೇಕರ ಮೈಮೇಲೆ ಗಾಯದ ಗುರುತೇ ಇರಲಿಲ್ಲ. ಅಂದು ವೈದ್ಯರನ್ನು ಕಾಣದವರ ಬಳಿ ದಾಖಲೆಯೂ ಇಲ್ಲ. ಮರೆವು, ತಲೆನೋವು, ಮುಂಗೋಪಗಳನ್ನು ಕಂಡವರು ಮನೆಯವರು.

ಅರ್ಜಿ ತಿರಸ್ಕೃತವಾದರೆ 2019ರಿಂದ ಮೂರು ದಾರಿಗಳಿವೆ: ಹೊಸ ಸಾಕ್ಷ್ಯದೊಡನೆ ಪೂರಕ ಅರ್ಜಿ, ಹಿರಿಯ ಅಧಿಕಾರಿಯ ಮರುಪರಿಶೀಲನೆ, ಮೇಲ್ಮನವಿ ಮಂಡಳಿ. ಒಂದು ವರ್ಷದೊಳಗೆ ಮುಂದುವರಿಯದಿದ್ದರೆ ಹಿಂದಿನ ದಿನಾಂಕದಿಂದ ಬರಬೇಕಾದ ಬಾಕಿ ಹಣ ಸಾಮಾನ್ಯವಾಗಿ ಕೈತಪ್ಪುತ್ತದೆ. ಈ ಗಡುವನ್ನೆಲ್ಲ ನೆನಪಿಡಬೇಕಾದವನು ನೆನಪನ್ನೇ ಕಳೆದುಕೊಂಡವನು!

2014ರ ಜನವರಿಯಲ್ಲಿ ಜಾರಿಗೆ ಬಂದ ನಿಯಮವೊಂದು ಅಪಸ್ಮಾರ, ಖಿನ್ನತೆ, ಕೆಲವು ಬಗೆಯ ಮರೆಗುಳಿತನ ಮೊದಲಾದ ಐದು ಬಗೆಯ ತೊಂದರೆಗಳನ್ನು, ಪೆಟ್ಟಿನ ತೀವ್ರತೆ ಮತ್ತು ಕಾಲಮಿತಿಗೆ ಒಳಪಟ್ಟು, ಮಿದುಳಿನ ಪೆಟ್ಟಿನ ಫಲವೆಂದೇ ಪರಿಗಣಿಸುತ್ತದೆ. ಇದು ಸ್ವಾಗತಾರ್ಹ. ಆದರೂ ಪೆಟ್ಟು ಬಿದ್ದದ್ದು ಸೇವೆಯಲ್ಲೇ ಎಂಬುದು ಮೊದಲು ಸ್ಥಾಪಿತವಾಗಬೇಕು.

ಹೆಂಡತಿಯ, ತಾಯಿಯ, ಜೊತೆಗಾರ ಸೈನಿಕನ ಲಿಖಿತ ಹೇಳಿಕೆಯನ್ನೂ ಅಲ್ಲಿ ಸಾಕ್ಷ್ಯವಾಗಿ ಸಲ್ಲಿಸಬಹುದು. ವೈದ್ಯಕೀಯ ಕಾಗದವಿಲ್ಲದೆಡೆ ಅಂಥ ಹೇಳಿಕೆಗೆ ಹೆಚ್ಚಿನ ತೂಕ ದೊರೆಯಬೇಕು; ಗಡುವನ್ನು ನೆನಪಿಸುವ ಹೊಣೆಯನ್ನು ಕಚೇರಿಯೇ ಹೊರಬೇಕು ಎಂಬುದು ನನ್ನ ಅಭಿಪ್ರಾಯ. ಹೇಳಲಾರದ ಹುಡುಗನ ಉತ್ತರವನ್ನು ಇನ್ನೊಮ್ಮೆ ಓದುವ ತಾಳ್ಮೆ ಮೇಷ್ಟರಿಗೆ ಬೇಕಾದಂತೆ, ಅಧಿಕಾರಿಗೂ ಬೇಕು.