ನಲವತ್ತರ ಚೆಟ್ರಿಯನ್ನು ಮತ್ತೆ ಕರೆದದ್ದೇಕೆ?

ಸುನಿಲ್ ಚೆಟ್ರಿ ಭಾರತ ಫುಟ್‌ಬಾಲ್ ತಂಡಕ್ಕೆ ಮೊದಲ ಸಲ ವಿದಾಯ ಹೇಳಿದ್ದು 2024ರ ಜೂನ್ 6ರಂದು, ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ, ಕುವೈತ್ ಎದುರು ಗೋಲಿಲ್ಲದೆ ಮುಗಿದ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ. ಆಗ ಅವರ ಹೆಸರಿನಲ್ಲಿ 94 ಅಂತರರಾಷ್ಟ್ರೀಯ ಗೋಲುಗಳಿದ್ದವು. ಆ ಹೊತ್ತಿಗೆ ಅವರಿಗಿಂತ ಮುಂದಿದ್ದವರು ರೊನಾಲ್ಡೊ, ಮೆಸ್ಸಿ ಮತ್ತು ಇರಾನಿನ ಅಲಿ ದಾಯಿ ಮಾತ್ರ. ಒಂಬತ್ತು ತಿಂಗಳು ಕಳೆಯುವಷ್ಟರಲ್ಲಿ, ನಲವತ್ತು ದಾಟಿದ ಅದೇ ಆಟಗಾರನನ್ನು ವಾಪಸ್ ಕರೆಸಿಕೊಳ್ಳಬೇಕಾಯಿತು. 2025ರ ಮಾರ್ಚ್ 19ರಂದು ಶಿಲ್ಲಾಂಗ್‌ನಲ್ಲಿ ಮಾಲ್ದೀವ್ಸ್ ವಿರುದ್ಧ ಭಾರತ 3–0ಯಿಂದ ಗೆದ್ದಿತು. ಮೂರನೆಯ ಗೋಲು ಚೆಟ್ರಿಯದ್ದು, ತಲೆಯಿಂದ ಹೊಡೆದದ್ದು. 2023ರ ನವೆಂಬರ್ ನಂತರ ಭಾರತಕ್ಕೆ ಸಿಕ್ಕ ಮೊದಲ ಗೆಲುವು ಅದು. ಪತ್ರಿಕೆಗಳು ಇದನ್ನು ನಾಯಕನ ಪುನರಾಗಮನ ಎಂದು ಸಂಭ್ರಮಿಸಿದವು. ಸಂಭ್ರಮಿಸುವ ಸಂಗತಿ ಅದರಲ್ಲಿ ಅಷ್ಟೇನೂ ಇರಲಿಲ್ಲ. ನೂರನಲವತ್ತು ಕೋಟಿ ಜನರ ದೇಶ ಎರಡು ದಶಕಗಳಲ್ಲಿ ಗೋಲು ಹೊಡೆಯುವ ಇನ್ನೊಬ್ಬನನ್ನು ತಯಾರು ಮಾಡಲಿಲ್ಲ ಎಂಬುದನ್ನು ಆ ಕರೆ ಒಪ್ಪಿಕೊಂಡಂತಿತ್ತು. ಚೆಟ್ರಿಯ ವೃತ್ತಿಜೀವನವನ್ನು ಅಭಿಮಾನದಿಂದ ನೋಡಿ ಅಲ್ಲಿಗೇ ನಿಂತುಬಿಟ್ಟರೆ ಈ ವೈಫಲ್ಯ ಕಣ್ಣಿಗೆ ಬೀಳುವುದಿಲ್ಲ.

ಚೆಟ್ರಿಯ ಗೋಲುಗಳ ಬಗ್ಗೆ ಒಂದು ಆಕ್ಷೇಪ ಹಳೆಯದು. ನೇಪಾಳ, ಮಾಲ್ದೀವ್ಸ್, ಪಾಕಿಸ್ತಾನದಂಥ ದುರ್ಬಲ ತಂಡಗಳ ಮೇಲೆ ಹೊಡೆದ ಗೋಲುಗಳನ್ನು ಮೆಸ್ಸಿಯ ಪಕ್ಕದಲ್ಲಿಟ್ಟು ಎಣಿಸುವುದು ಸರಿಯೇ ಎನ್ನುತ್ತಾರೆ. ಮೆಸ್ಸಿಯೊಡನೆ ಹೋಲಿಕೆ ನನಗೂ ಬೇಡ, ಅದು ಸುದ್ದಿವಾಹಿನಿಗಳ ಚಪಲ. ಆದರೆ ಆ ಗೋಲುಗಳು ಅಗ್ಗದವು ಎನ್ನುವುದು ಬೇರೆಯೇ ಮಾತು, ಅದನ್ನು ದಾಖಲೆ ಒಪ್ಪುವುದಿಲ್ಲ. 2008ರ ಎಎಫ್‌ಸಿ ಚಾಲೆಂಜ್ ಕಪ್ ಫೈನಲ್‌ನಲ್ಲಿ ತಜಕಿಸ್ತಾನದ ವಿರುದ್ಧ ಅವರು ಹ್ಯಾಟ್ರಿಕ್ ಹೊಡೆದದ್ದರಿಂದಲೇ ಭಾರತ 27 ವರ್ಷಗಳ ನಂತರ, 2011ರಲ್ಲಿ, ಏಷ್ಯನ್ ಕಪ್ ಆಡಿತು. 2019ರ ಏಷ್ಯನ್ ಕಪ್‌ನಲ್ಲಿ ಥಾಯ್ಲೆಂಡ್ ತಂಡವನ್ನು 4–1ರಿಂದ ಮಣಿಸಿದಾಗ ಎರಡು ಗೋಲು ಅವರವು. ಇನ್ನು 2017ರ ಜೂನ್ 13ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕಿರ್ಗಿಸ್ತಾನದ ಎದುರು ಹೊಡೆದ ಏಕೈಕ ಗೋಲನ್ನು ಇಂದಿಗೂ ಯಾವ ತರಬೇತಿ ಶಿಬಿರದಲ್ಲಾದರೂ ತೋರಿಸಬಹುದು. ಚೆಂಡನ್ನು ತಾವೇ ಮುಂದಕ್ಕೊಯ್ದು, ಎದುರಾಳಿಗಳನ್ನು ದಾಟಿ, ಜೆಜೆ ಲಾಲ್‌ಪೆಖ್ಲುವಾಗೆ ಕೊಟ್ಟು ಓಟ ನಿಲ್ಲಿಸದೆ ಪೆಟ್ಟಿಗೆಯೊಳಗೆ ನುಗ್ಗಿದರು. ಜೆಜೆ ರಕ್ಷಣಾ ಸಾಲಿನ ತಲೆಯ ಮೇಲಿಂದ ಎತ್ತಿ ಕೊಟ್ಟ ಚೆಂಡನ್ನು ಕೆಳಗೆ ಬೀಳಗೊಡದೆ ಗೋಲಿಗೆ ಸೇರಿಸಿದರು. ಐದಡಿ ಏಳಂಗುಲದ ಈ ಮನುಷ್ಯನ ಬಂಡವಾಳ ವೇಗವೂ ಅಲ್ಲ, ಮೈಕಟ್ಟೂ ಅಲ್ಲ. ಚೆಂಡು ಎಲ್ಲಿಗೆ ಬರುತ್ತದೆ ಎಂದು ಅರೆಗಳಿಗೆ ಮೊದಲೇ ಊಹಿಸುವ ಬುದ್ಧಿ. ಅದು ಪಂದ್ಯಗಳನ್ನು ಆಡಿ ಆಡಿಯೇ ಬರಬೇಕು.

ಆ ಪಂದ್ಯಗಳು ಅವರಿಗೆ ಸಿಕ್ಕದ್ದು ಹೇಗೆ ಎಂಬುದನ್ನೂ ನೋಡಬೇಕು. ಸಿಕಂದರಾಬಾದಿನಲ್ಲಿ ಹುಟ್ಟಿದ ಚೆಟ್ರಿಯ ತಂದೆ ಸೇನೆಯಲ್ಲಿದ್ದವರು, ತಾಯಿ ನೇಪಾಳ ಮಹಿಳಾ ತಂಡದ ಪರ ಆಡಿದವರು. ಯಾವ ಅಕಾಡೆಮಿಯೂ ರಾಷ್ಟ್ರೀಯ ಯೋಜನೆಯೂ ಅವರನ್ನು ಹುಡುಕಿಕೊಂಡು ಬರಲಿಲ್ಲ. ದೆಹಲಿಯ ಒಂದು ಸಣ್ಣ ಕ್ಲಬ್ಬಿನಿಂದ ಹದಿನೇಳರ ಹರೆಯದಲ್ಲಿ ಮೋಹನ್ ಬಾಗನ್‌ಗೆ ಹೋದರು, 2005ರಲ್ಲಿ ಪಂಜಾಬಿನ ಜೆಸಿಟಿಗೆ. ಅದೇ ವರ್ಷದ ಜೂನ್‌ನಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಮೊದಲ ಅಂತರರಾಷ್ಟ್ರೀಯ ಪಂದ್ಯ, ಮೊದಲ ಗೋಲು. ಜೆಸಿಟಿಯಲ್ಲಿ ಅವರು ಮೂರು ವರ್ಷ ಮುಂಚೂಣಿಯಲ್ಲಿ ಆಡಿದರು. ಆ ಕ್ಲಬ್ಬು 2011ರಲ್ಲಿ ತಂಡವನ್ನೇ ಮುಚ್ಚಿತು. ಅದಕ್ಕೂ ಒಂದು ವರ್ಷ ಮೊದಲು ಮಹೀಂದ್ರ ಯುನೈಟೆಡ್ ಹೀಗೇ ಕಣ್ಮರೆಯಾಗಿತ್ತು. ಯುವ ಸ್ಟ್ರೈಕರ್‌ ಒಬ್ಬ ತಪ್ಪು ಮಾಡುತ್ತಲೇ ಕಲಿಯಲು ಅವಕಾಶವಿದ್ದ ತಾಣಗಳು ಒಂದೊಂದಾಗಿ ಹೋದವು, ಅವುಗಳ ಬದಲಿಗೆ ಏನು ಬರಬೇಕು ಎಂದು ಯಾರೂ ಯೋಚಿಸಲಿಲ್ಲ.

ಬದಲಿಗೆ ಬಂದದ್ದು 2014ರಲ್ಲಿ ಶುರುವಾದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್). ಅದು ಹಣ ತಂದಿತು, ಹುಲ್ಲುಹಾಸನ್ನು ಸುಧಾರಿಸಿತು, ಭಾರತದ ಆಟಗಾರರಿಗೆ ಒಳ್ಳೆಯ ಸಂಬಳ ಕೊಟ್ಟಿತು. ಆದರೆ ಅತಿ ಹೆಚ್ಚು ಗೋಲು ಹೊಡೆದವರಿಗೆ ಅಲ್ಲಿ ಕೊಡುವ ಗೋಲ್ಡನ್ ಬೂಟ್ ಪಟ್ಟಿಯನ್ನು ಓದಿ: ಎಲಾನೊ, ಮೆಂಡೋಜಾ, ಮಾರ್ಸೆಲಿನೊ, ಎರಡು ಸಲ ಕೊರೊ, ವಾಲ್ಸ್ಕಿಸ್, ಅಂಗುಲೊ, ಒಗ್ಬೆಚೆ, ಡಿಯಾಗೊ ಮೌರಿಸಿಯೊ, ಡಯಮಾಂಟಕೋಸ್, 2024–25ರಲ್ಲಿ 23 ಗೋಲು ಹೊಡೆದ ಅಜರಾಯಿ. ಹನ್ನೊಂದು ಋತುಗಳಲ್ಲಿ ಒಬ್ಬ ಭಾರತೀಯನೂ ಇಲ್ಲ. ಅಜರಾಯಿ ಗೆದ್ದ ಆ ಋತುವಿನಲ್ಲಿ ಎರಡನೆಯ ಸ್ಥಾನದಲ್ಲಿದ್ದವರು 14 ಗೋಲು ಹೊಡೆದ ಚೆಟ್ರಿ. ಕ್ಲಬ್ಬುಗಳ ಲೆಕ್ಕಾಚಾರ ಸರಳವಾದದ್ದು. ವಿದೇಶಿಯರಿಗೆಂದು ಇರುವ ಸ್ಥಾನಗಳಲ್ಲಿ ಮೊದಲನೆಯದನ್ನು ಗೋಲು ಹೊಡೆಯುವವನಿಗೆ ಖರ್ಚು ಮಾಡುತ್ತಾರೆ, ಭಾರತದ ಹುಡುಗರನ್ನು ಅಂಚಿಗೆ, ವಿಂಗ್‌ಗೆ ತಳ್ಳುತ್ತಾರೆ. ಇದಕ್ಕೆ ಚೆಟ್ರಿಯೇ ಹೊರತಾಗಲಿಲ್ಲ. ಬೆಂಗಳೂರು ಎಫ್‌ಸಿಯ 2017–18ರ ತಂಡದಲ್ಲಿ ಮುಂಚೂಣಿಯ ನಡುವೆ ಆಡಿದ್ದು ವೆನೆಜುವೆಲಾದ ಮಿಕು, ದೇಶದ ಅತಿ ದೊಡ್ಡ ಸ್ಟ್ರೈಕರ್ ಎಡಬದಿಯಿಂದ ಒಳಬರುತ್ತಿದ್ದರು. ಆಗ ಅವರಿಗೆ 33 ವರ್ಷ. ಬುದ್ಧಿ ಪಳಗಿತ್ತು, ಎಡದಿಂದಲೂ 14 ಗೋಲು ಹೊಡೆದರು. ಇಪ್ಪತ್ತರ ಹುಡುಗನನ್ನು ಅದೇ ಜಾಗಕ್ಕೆ ಹಾಕಿದರೆ ಅವನು ವಿಂಗರ್ ಆಗಿಯೇ ಬೆಳೆಯುತ್ತಾನೆ.

ವಿದೇಶಿ ಆಟಗಾರರನ್ನು ದೂರುವುದು ಸೋತವರ ನೆಪ ಎನ್ನುವವರೂ ಇದ್ದಾರೆ. ಚೆಟ್ರಿ ಮೋಹನ್ ಬಾಗನ್‌ಗೆ ಹೋದಾಗ ಅಲ್ಲೂ ಬ್ರೆಜಿಲ್‌ನ ಸ್ಟ್ರೈಕರ್ ಬ್ಯಾರೆಟೊ ಇದ್ದರಲ್ಲ, ಪೈಪೋಟಿಯಲ್ಲೇ ಅಲ್ಲವೇ ಅವರು ಬೆಳೆದದ್ದು, ಮೀಸಲು ಕೊಟ್ಟರೆ ಹುಡುಗರು ಸೋಮಾರಿಗಳಾಗುತ್ತಾರೆ ಎಂಬುದು ಇವರ ವಾದ. ಇದರಲ್ಲಿ ಹುರುಳಿದೆ. ಆದರೆ ಬ್ಯಾರೆಟೊ ಇದ್ದ ಕ್ಲಬ್ಬನ್ನು ಬಿಟ್ಟು ಹೋಗಲು ಆಗ ಜೆಸಿಟಿ ಎಂಬ ಇನ್ನೊಂದು ಬಾಗಿಲಿತ್ತು. ಇಂದಿನ ಹುಡುಗ ಯಾವ ಕ್ಲಬ್ಬಿಗೆ ಹೋದರೂ ನಡುವಿನ ಜಾಗದಲ್ಲಿ ಇನ್ನೊಬ್ಬ ವಿದೇಶಿಯನೇ ಕೂತಿರುತ್ತಾನೆ. ಅವಕಾಶ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷ್ಯವಿದೆ. 2022–23ರಲ್ಲಿ ಬೆಂಗಳೂರು ಎಫ್‌ಸಿ ಚೆಟ್ರಿಯನ್ನೇ ಬೆಂಚಿನಲ್ಲಿ ಕೂರಿಸಿ ಶಿವಶಕ್ತಿ ನಾರಾಯಣನ್ ಎಂಬ ಯುವಕನನ್ನು ಆಡಿಸಿತು; ಆತ ಆರು ಗೋಲು ಹೊಡೆದ, ತಂಡ ಲೀಗ್‌ನ ಕೊನೆಯ ಎಂಟು ಪಂದ್ಯಗಳನ್ನು ಸತತವಾಗಿ ಗೆದ್ದಿತು. 2023ರಲ್ಲಿ ಕಲ್ಕತ್ತಾ ಫುಟ್‌ಬಾಲ್ ಲೀಗ್ ವಿದೇಶಿಯರಿಲ್ಲದೆ ನಡೆದಾಗ ಮಿಜೋರಾಂನ ಡೇವಿಡ್ ಲಾಲ್‌ಹ್ಲಾನ್ಸಂಗಾ ಮೊಹಮ್ಮಡನ್ ಕ್ಲಬ್ ಪರ ಇಪ್ಪತ್ತಕ್ಕೂ ಹೆಚ್ಚು ಗೋಲು ಬಾರಿಸಿದ. ಮರುವರ್ಷ ಆತ ಈಸ್ಟ್ ಬೆಂಗಾಲ್ ಸೇರಿದ. ಅದೇ ಬೇಸಿಗೆಯಲ್ಲಿ ಆ ಕ್ಲಬ್ಬು ಗೋಲ್ಡನ್ ಬೂಟ್ ಗೆದ್ದಿದ್ದ ಡಯಮಾಂಟಕೋಸ್‌ನನ್ನೂ ಕರೆತಂದಿತು. ಮುಂದೆ ಯಾರು ಹೆಚ್ಚು ಆಡಿದರೆಂದು ಹೇಳಬೇಕಾಗಿಲ್ಲ.

ಪರಿಣಾಮ ರಾಷ್ಟ್ರೀಯ ತಂಡದಲ್ಲಿ ಕಾಣುತ್ತಿದೆ. 2024ರ ಜನವರಿಯ ಏಷ್ಯನ್ ಕಪ್‌ನಲ್ಲಿ ಭಾರತ ಮೂರೂ ಪಂದ್ಯ ಸೋತಿತು, ಒಂದೂ ಗೋಲು ಹೊಡೆಯಲಿಲ್ಲ. ವಿಶ್ವಕಪ್ ಅರ್ಹತಾ ಸುತ್ತಿನ ಆರು ಪಂದ್ಯಗಳಲ್ಲಿ ಸಿಕ್ಕದ್ದು ಮೂರು ಗೋಲು. 2024ರ ಇಡೀ ವರ್ಷ ಒಂದು ಗೆಲುವೂ ಇಲ್ಲ. ಚೆಟ್ರಿ ಮರಳಿದ ಮೇಲಾದರೂ ಸ್ಥಿತಿ ಬದಲಾಯಿತೇ? 2027ರ ಏಷ್ಯನ್ ಕಪ್ ಅರ್ಹತಾ ಸುತ್ತಿನ ಮೊದಲ ನಾಲ್ಕು ಪಂದ್ಯಗಳಲ್ಲಿ ಭಾರತ ಹೊಡೆದದ್ದು ಎರಡೇ ಗೋಲು, ಎರಡೂ ಚೆಟ್ರಿಯವಲ್ಲ. 2025ರ ಅಕ್ಟೋಬರ್ 14ರಂದು ಮಡಗಾಂವ್‌ನಲ್ಲಿ ಸಿಂಗಪುರದ ಎದುರು 1–2ರಿಂದ ಸೋತು ಹೊರಬಿದ್ದಿತು. ಅದಾದ ಮೇಲೆ ಚೆಟ್ರಿ ಎರಡನೇ ಸಲ, ಹೆಚ್ಚು ಸದ್ದಿಲ್ಲದೆ, ವಿದಾಯ ಹೇಳಿದರು. ಅವರನ್ನು ಕರೆದದ್ದು ತಪ್ಪು ಎನ್ನಲಾರೆ, 2024–25ರ ಲೀಗ್‌ನಲ್ಲಿ ಅವರಿಗಿಂತ ಹೆಚ್ಚು ಗೋಲು ಹೊಡೆದ ಭಾರತೀಯನೇ ಇರಲಿಲ್ಲ. ಕೋಚ್ ಮನೋಲೊ ಮಾರ್ಕೆಸ್ ಬೇರೆ ಯಾರನ್ನು ಕರೆಯಬೇಕಿತ್ತು? ತಪ್ಪು ಅದಕ್ಕೂ ಹಿಂದಿನದು. ಪ್ರತಿ ಬಿಕ್ಕಟ್ಟಿನಲ್ಲೂ ಭಾರತೀಯ ಫುಟ್‌ಬಾಲ್ ಈ ಒಬ್ಬನ ಬೆನ್ನ ಹಿಂದೆ ಅಡಗಿದೆ. 2018ರಲ್ಲಿ ಮುಂಬೈನಲ್ಲಿ ಖಾಲಿ ಕುರ್ಚಿಗಳ ಮುಂದೆ ಚೀನಾ ತೈಪೆ ವಿರುದ್ಧ ಹ್ಯಾಟ್ರಿಕ್ ಹೊಡೆದು, ದಯವಿಟ್ಟು ಬಂದು ನೋಡಿ, ಬೇಕಾದರೆ ಬೈಯಿರಿ ಎಂದು ವಿಡಿಯೊದಲ್ಲಿ ಬೇಡಿಕೊಂಡವರೂ ಅವರೇ. ಟಿಕೆಟ್ ಮಾರುವುದು ಸ್ಟ್ರೈಕರ್‌ನ ಕೆಲಸವೇ? ಮುಂದಿನ ಪಂದ್ಯಕ್ಕೆ ಕ್ರೀಡಾಂಗಣ ತುಂಬಿತು, ಅವರು ಮತ್ತೆ ಎರಡು ಗೋಲು ಹೊಡೆದರು, ಫುಟ್‌ಬಾಲ್ ಒಕ್ಕೂಟ ನಿಟ್ಟುಸಿರು ಬಿಟ್ಟಿತು. ಬಿಕ್ಕಟ್ಟುಗಳು ಮಾತ್ರ ಮುಗಿಯಲಿಲ್ಲ: 2025ರ ದ್ವಿತೀಯಾರ್ಧದಲ್ಲಿ ಒಪ್ಪಂದದ ಗೋಜಲಿನಿಂದ ಐಎಸ್‌ಎಲ್ ಶುರುವಾಗಲೇ ಇಲ್ಲ. ಆಡಲು ಪಂದ್ಯವೇ ಇಲ್ಲದ ಆಟಗಾರರು ಆ ತಿಂಗಳುಗಳಲ್ಲೇ ರಾಷ್ಟ್ರೀಯ ತಂಡಕ್ಕೆ ಹೋಗಬೇಕಾಯಿತು.

ಬೆಂಗಳೂರಿಗೆ ಈ ವಿಷಯದಲ್ಲಿ ಹೆಚ್ಚಿನ ಹೊಣೆಯಿದೆ. ಚೆಟ್ರಿ 2013ರಲ್ಲಿ ಸೇರಿದ್ದು ಈ ಊರಿನ ಕ್ಲಬ್ಬನ್ನು. ಅವರ ಆಟ ನೋಡಲೆಂದೇ ಕಂಠೀರವದ ಪಶ್ಚಿಮ ಗ್ಯಾಲರಿ ತುಂಬಿದೆ. 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದ ರಾಜ್ಯವೂ ನಮ್ಮದೇ. ಆ ಗೆಲುವಿನ ಹುಡುಗರಿಗೆ ಮುಂದಿನ ಮೆಟ್ಟಿಲಿನಲ್ಲಿ ನಿಲ್ಲಲು ಜಾಗ ಬೇಕು. ಐಎಸ್‌ಎಲ್‌ನಿಂದ ವಿದೇಶಿಯರನ್ನು ಓಡಿಸಿ ಎಂದು ನಾನು ಹೇಳುತ್ತಿಲ್ಲ, ಹಾಗೆ ಮಾಡಿದರೆ ಆಟದ ಮಟ್ಟವೇ ಕುಸಿಯುತ್ತದೆ. ಸೂಪರ್ ಕಪ್ ಮತ್ತು ಡುರಾಂಡ್ ಕಪ್ ಟೂರ್ನಿಗಳನ್ನು ಭಾರತದ ಆಟಗಾರರಿಗಷ್ಟೇ ಮೀಸಲಿಡಬಹುದು, ರಾಜ್ಯ ಲೀಗ್‌ಗಳನ್ನು ವರ್ಷದಲ್ಲಿ ಎಂಟು ತಿಂಗಳಾದರೂ ನಡೆಸಬಹುದು, ಐಎಸ್‌ಎಲ್ ಕ್ಲಬ್ಬುಗಳ ಮೀಸಲು ತಂಡಗಳು ಅಲ್ಲಿ ಕಡ್ಡಾಯವಾಗಿ ಆಡುವಂತೆ ಮಾಡಬಹುದು. ಇದಕ್ಕೆ ಹೊಸ ಸ್ಟೇಡಿಯಂ ಬೇಡ, ವಿದೇಶಿ ಸಲಹೆಗಾರ ಬೇಡ, ವೇಳಾಪಟ್ಟಿ ಬರೆಯುವವರ ಮನಸ್ಸು ಸಾಕು. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಮುಂದಿನ ಋತುವಿನ ವೇಳಾಪಟ್ಟಿಯಲ್ಲೇ ಇದನ್ನು ಸೇರಿಸಲಿ. ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ ಅದಕ್ಕಾಗಿ ಕಾಯದೆ ಬೆಂಗಳೂರಿನ ಸೂಪರ್ ಡಿವಿಜನ್ ಲೀಗ್‌ನಿಂದ ಶುರು ಮಾಡಲಿ.